ಮೂಸಿ ನೋಡುವ ಕೆಲಸ

ಆ ಮನೆಯಲ್ಲಿ ಫ್ರಿಜ್ಜಿನಿಂದ ಏನೇ ಹೊರಬಂದರೂ ಮೊದಲು ಅವಳ ಮೂಗಿನ ಕೆಳಗೆ ಬರಬೇಕು. ಹಾಲು, ಹಳೇ ಸಾರು, ಮಾಂಸ. ಹೂಂ ಅಂದರೆ ಒಲೆಗೆ. ಊಹೂಂ ಅಂದರೆ ‘ದಂಡ ಮಾಡೋ ಕೈ’ ಎಂಬ ಬಿರುದು. ಹನ್ನೊಂದು ವರ್ಷದಿಂದ ಅವಳು ಕೋಳಿ ಮಾಂಸದ ಕಾರ್ಖಾನೆಯಲ್ಲಿ ಪ್ಯಾಕೆಟ್ಟುಗಳಿಗೆ ತಾರೀಖಿನ ಲೇಬಲ್ ಅಂಟಿಸುತ್ತಿದ್ದಾಳೆ. ಅಲ್ಲಿನ ಥಂಡಿಗೆ ಬೆರಳು ಸೆಟೆದುಕೊಂಡಿವೆ. ಆ ಲೇಬಲ್ಲನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ, ಮೂಗನ್ನು ನಂಬುತ್ತಾರೆ. ಮೂಗಿಗೆ ಸಂಬಳ ಕೊಡಬೇಕಿಲ್ಲವಲ್ಲ.

ಆ ಭಾನುವಾರ ಏಳು ತಿಂಗಳ ಬಸುರಿ ಮಗಳು ಊಟಕ್ಕೆ ಬಂದಿದ್ದಳು. ಗಂಡ ಕೋಳಿ ಮಾಂಸದ ಪ್ಯಾಕೆಟ್ಟು ಹಿಡಿದು ಅಡುಗೆಮನೆಗೆ ಬಂದ.

“ಎರಡೇ ದಿನ ದಾಟಿದೆ ಕಣೇ. ಮೂಸಿ ನೋಡು.”

“ಮೂಸೋದೇನು? ತಾರೀಖು ದಾಟಿದ್ಮೇಲೆ ಬಿಸಾಕೋದೇ. ಕೆಟ್ಟಿದ್ದೆಲ್ಲ ನಾರೋದಿಲ್ಲ.”

“ತಾರೀಖೆಲ್ಲ ಕಂಪನಿಯೋರ ಆಟ.”

“ದಿನಾ ಅಂಟಿಸೋಳು ನಾನು. ನಂಗೊತ್ತಿಲ್ವಾ?”

ಅತ್ತೆ ಕೂತಲ್ಲಿಂದಲೇ ಕೂಗಿದರು: “ಉಪ್ಪು ಹಾಕಿ ತೊಳೆದು ಬೇಯಿಸಮ್ಮ, ಏನೂ ಆಗಲ್ಲ. ನಮ್ಮ ಕಾಲದಲ್ಲಿ ಕೋಳಿ ಕಾಲಿಗೆ ಕ್ಯಾಲೆಂಡರ್ ಕಟ್ತಿದ್ರಾ?”

ಅವಳ ರಕ್ತ ಕುದಿಯಿತು. ಹೋದ ವರ್ಷ ಹೀಗೇ ತಾರೀಖು ದಾಟಿದ ಮಾಂಸವನ್ನು ಮೂಸಿದ್ದಳು. ವಾಸನೆಯೇನೂ ಇರಲಿಲ್ಲ, ಇವರ ಕಾಟ ತಾಳದೆ ಮಾಡಿಹಾಕಿದಳು. ಮರುದಿನದಿಂದ ಅತ್ತೆಗೆ ಭೇದಿ. ಮೂರು ದಿನ ಹಾಸಿಗೆ ಬಟ್ಟೆ ಒಗೆದದ್ದು, ನೆಲ ಒರೆಸಿದ್ದು ಇವಳು. ಆದರೂ ಎಲ್ಲರ ಬಾಯಲ್ಲೂ ಒಂದೇ ಮಾತು: ಇವಳೇ ತಾನೇ ಮೂಸಿದ್ದು!

ಗಂಡ ಪ್ಲಾಸ್ಟಿಕ್ ಹರಿದು, ಮಾಂಸದ ಟ್ರೇಯನ್ನು ಅವಳ ಮುಖಕ್ಕೇ ಹಿಡಿದ. “ನೋಡು, ಬಣ್ಣ ಹೇಗಿದೆ. ಲೋಳೆಯೂ ಇಲ್ಲ.”

“ನೀವೇ ಮೂಸಿ.”

“ನಂಗೇನ್ ಗೊತ್ತಾಗತ್ತೆ? ಅದು ಹೆಂಗಸರ ಕೆಲಸ.”

“ನಾಳೆ ಮಗಳ ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ ಅದೂ ಹೆಂಗಸರ ತಪ್ಪೇ, ಅಲ್ವಾ?”

ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಅಂದಳು: “ಹೋಗ್ಲಿ ಬಿಡಮ್ಮ, ಜಗಳ ಯಾಕೆ. ನಾನು ಸ್ವಲ್ಪವೇ ತಿಂತೀನಿ.”

ಗಂಡನ ಮಾತಿಗಿಂತ ಈ ಮಾತೇ ಅವಳಿಗೆ ನಾಟಿತು. ತಾನೂ ಇಷ್ಟು ವರ್ಷ ಹೀಗೇ ಸ್ವಲ್ಪ ಸ್ವಲ್ಪವೇ ನುಂಗಿಕೊಂಡು ಬಂದವಳು.

ಸಿಂಕಿನಡಿಯಿಂದ ಫಿನಾಯಿಲ್ ಬಾಟಲಿ ಎಳೆದು, ಗಂಡನ ಕೈಯಲ್ಲಿದ್ದ ಟ್ರೇಗೆ ಗಳಗಳನೆ ಸುರಿದಳು.

“ಈಗ ಮೂಸಿ. ಈಗ ನಿಮಗೂ ಗೊತ್ತಾಗತ್ತೆ.”

“ಹುಚ್ಚು ಹಿಡೀತೇನೇ? ಊಟಕ್ಕೇನು ಮಾಡೋದು?”

“ಮೊಟ್ಟೆ ಇದೆ. ಮಾಡಿ.”

ಮಗಳ ಕೈ ಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದಳು. ಪಕ್ಕದ ಕುರ್ಚಿ ಎಳೆದುಕೊಂಡು ತಾನೂ ಕೂತಳು.