ಹುಲಗೆಮ್ಮ ಬಾಗಿಲಿಗೆ ಹೊಡೆದ ಮೊಳೆ

ಬೆಳಗಿನ ಏಳು ಗಂಟೆ. ಇರಕಲ್ಲಗಡದ ಸರ್ಕಾರಿ ಶಾಲೆಯೊಂದರ ಅಕ್ಕಿ ಕೋಣೆಗೆ ಹೊಕ್ಕು ಹುಲಗೆಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ. ಕಿಟಕಿಯಿಲ್ಲದ ಕೋಣೆ, ಒಳಗೆ ಕಗ್ಗತ್ತಲು. ಬಾಗಿಲ ತಗಡಿನಲ್ಲಿ ಒಂದೇ ಒಂದು ಪುಟ್ಟ ತೂತು. ಅಷ್ಟರಿಂದಲೇ ಎದುರು ಗೋಡೆಯ ಮೇಲೆ ಅಂಗಳದ ಬೇವಿನ ಮರ ಮೂಡುತ್ತದೆ, ತಲೆಕೆಳಗಾಗಿ! ಅಂಗಳ ಗುಡಿಸುತ್ತಿರುವ ಜೊತೆಗಾತಿ ದಾವಲಬೀ ಕೂಡ ತಲೆಕೆಳಗೆ.

“ಬೊಡ್ಡಿ ಮ್ಯಾಲ, ಟೊಂಗಿ ಕೆಳಗ. ಹೆಂಗೈತಿ ನೋಡ್ರಿ!” ಎಂದು ನಗುತ್ತಾರೆ.

ಓದಿದ್ದು ನಾಲ್ಕನೇ ತರಗತಿ. ಹದಿನಾಲ್ಕು ವರ್ಷದಿಂದ ಇಲ್ಲಿ ಬಿಸಿಯೂಟದ ಅಡುಗೆ. ದಿನಕ್ಕೆ ನೂರಾ ತೊಂಬತ್ತು ಮಕ್ಕಳು, ಇಪ್ಪತ್ತೆರಡು ಕಿಲೊ ಅಕ್ಕಿ. ಈ ಕೆಲಸ ಬಿಟ್ಟರೆ ಮನೆಗೆ ಬೇರೆ ಆಧಾರವಿಲ್ಲ. ಮೊದಲ ಸಲ, ಆಗಿದ್ದ ಹಳೆಯ ಬಾಗಿಲಲ್ಲಿ ಮೊಳೆ ಕಿತ್ತ ಜಾಗದಿಂದ ಬೆಳಕು ಬಂದು, ಗೋಡೆಯ ಮೇಲೆ ತಲೆಕೆಳಗಾದ ಮನುಷ್ಯರು ಓಡಾಡಿದಾಗ, ದೆವ್ವವೆಂದು ಮೊರ ಎಸೆದು ಓಡಿದ್ದರಂತೆ. ವಿಜ್ಞಾನದ ಪ್ರಭುರಾಜ ಮಾಸ್ತರರು ನೆಲದ ಮೇಲೆ ಎರಡು ಗೆರೆ ಎಳೆದು ತಿಳಿಸಿಕೊಟ್ಟರು. ಅದನ್ನೀಗ ಹುಲಗೆಮ್ಮ ಹೇಳುವುದು ಹೀಗೆ:

“ಬೆಳಕು ಅಡ್ಡಾದಿಡ್ಡಿ ಹೋಗೂದಿಲ್ರಿ, ನೆಟ್ಟಗ ಹೋಗ್ತೈತಿ. ಮ್ಯಾಲಿಂದು ತೂತಿನ್ಯಾಗ ಹಾದು ಕೆಳಗ ಬೀಳ್ತೈತಿ, ಕೆಳಗಿಂದು ಮ್ಯಾಲ. ಇಷ್ಟ! ದೆವ್ವ ಇಲ್ಲ, ಗಿವ್ವ ಇಲ್ಲ.”

ಇನ್ನೂ ಚೆನ್ನಾಗಿ ಕಾಣಲೆಂದು ಹುಲಗೆಮ್ಮ ಒಮ್ಮೆ ತೂತನ್ನು ಬೆರಳು ತೂರುವಷ್ಟು ಹಿಗ್ಗಿಸಿದರು. ಬೆಳಕೇನೋ ಹೆಚ್ಚಿತು, ಮರ ಮಾತ್ರ ಕಲಕಿದ ಮಜ್ಜಿಗೆಯಂತೆ ಮಸುಕಾಯಿತು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಸಣ್ಣ ಮೊಳೆಯಿಂದ ಚುಚ್ಚಿ ಅಂಟಿಸಿದ ಮೇಲೆಯೇ ಎಲೆಗಳು ಮರಳಿ ಬಂದವು. ಅಂದಿನಿಂದ ಏಳನೇ ತರಗತಿಗೆ ಬೆಳಕಿನ ಪಾಠ ಇದೇ ಕೋಣೆಯಲ್ಲಿ, ಹೇಳುವವರು ಹುಲಗೆಮ್ಮ.

ಕಳೆದ ತಿಂಗಳು ತಪಾಸಣೆಗೆ ಬಂದ ಅಧಿಕಾರಿಯೊಬ್ಬರಿಗೆ ಮರ ಕಾಣಲಿಲ್ಲ, ತೂತು ಕಂಡಿತು. ಇಲಿ ಬರುತ್ತದಂತೆ! ಅಲ್ಲ, ಮೊಳೆ ತೂರುವ ಕಿಂಡಿಯಲ್ಲಿ ಅದ್ಯಾವ ಇಲಿ ನುಸುಳೀತು? ಹೊಸ ತಗಡಿನ ಬಾಗಿಲು ಹಾಕಿಸಿದರು. “ಅಡುಗಿಯಾಕಿಗೆ ಪಾಠದ ಉಸಾಬರಿ ಯಾಕ? ಮತ್ತ ತೂತು ಬಿದ್ರ ಕೆಲಸದಿಂದ ತೆಗೀತೀವಿ” ಎಂದು ಗದರಿಸಿ ಹೋದರು.

ಮರುದಿನ ಮಕ್ಕಳು ಕತ್ತಲಲ್ಲಿ ಬರೀ ಗೋಡೆ ನೋಡಿ ಪೆಚ್ಚಾದರು. ಹುಲಗೆಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸುತ್ತಿಗೆ, ಮೊಳೆ ತಂದು, ಮುಖ್ಯ ಶಿಕ್ಷಕರ ಎದುರೇ ಬಾಗಿಲಿಗೆ ಒಂದು ಏಟು ಹಾಕಿದರು.

ಈಗ ನೋಟಿಸು ಬಂದಿದೆ, ತೂತು ಹೊಡೆದವರು ಯಾರೆಂದು. “ತುಕ್ಕು ಹಿಡದು ಬಿದ್ದೈತಿ ಅಂತ ಬರೀತೀನಿ, ಹುಲಗೆಮ್ಮಕ್ಕ” ಎನ್ನುತ್ತಾರೆ ಉತ್ತರ ಬರೆಯಲು ಕುಳಿತ ಪ್ರಭುರಾಜ ಮಾಸ್ತರರು. ಹುಲಗೆಮ್ಮ ಒಪ್ಪುವುದಿಲ್ಲ.

“ಹೊಸ ಬಾಗಲಕ್ಕ ಎಲ್ಲಿಂದ ತುಕ್ಕು ತರ್ತೀರಿ ಸರ್? ಹುಲಗೆಮ್ಮ ಹೊಡದಾಳ ಅಂತ ಬರೀರಿ. ಮಕ್ಕಳು ಕಣ್ಣಾರೆ ನೋಡ್ಲಿ ಅಂತ ಹೊಡದಾಳ. ಕೊಡ್ರಿ ಇತ್ತಾಗ ಪೆನ್ನು, ಸಹಿ ನಾನ ಮಾಡ್ತೀನಿ.”