ಎಡಗಾಲಿನ ಚಪ್ಪಲಿಗಳ ಕೋಣೆ

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕಕ್ಕೆ ಒಂದು ಕೋಣೆ ಇದೆ. ಹಿಂದೆ ಅಲ್ಲಿ ಜನರೇಟರ್ ಇತ್ತು. ಅದು ಕೆಟ್ಟು ಗುಜರಿಗೆ ಹೋದ ಮೇಲೆ ಎರಡು ವರ್ಷ ಜೇಡಗಳು ಬಾಡಿಗೆ ಕೊಡದೆ ಸಂಸಾರ ಹೂಡಿದ್ದವು. ಈಗ ಆ ಬಾಗಿಲು ತೆಗೆದರೆ ಕಾಣುವುದು ಗೋಡೆಯುದ್ದಕ್ಕೂ ಕಬ್ಬಿಣದ ಶೆಲ್ಫು, ಶೆಲ್ಫಿನ ತುಂಬ ಚಪ್ಪಲಿ. ಎಲ್ಲವೂ ಒಂಟಿ. ಎಲ್ಲವೂ ಎಡಗಾಲಿನವು. ಜೋಡು ಎಂಬ ಹೆಸರಿಟ್ಟುಕೊಂಡು ಜೋಡಿಯಿಲ್ಲದೆ ಕೂತ ಇಷ್ಟೊಂದು ಜೋಡುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೋಣೆಯ ಒಡತಿ, ಅದರ ಎದುರು ಮನೆಯ ಅಕ್ಕ. ಕಟ್ಟಡದ ನಲವತ್ತೆಂಟು ಮನೆಗೂ ಆಕೆ ಅಕ್ಕ. ಆಕೆಗಿಂತ ಹಿರಿಯರಿಗೂ ಅಕ್ಕ. ದೊಡ್ಡ ಆಸ್ಪತ್ರೆಯೊಂದರ ಸ್ಟೋರ್ ರೂಮಿನಲ್ಲಿ ಮೂವತ್ತೊಂದು ವರ್ಷ ಹತ್ತಿ, ಬ್ಯಾಂಡೇಜು, ಕತ್ತರಿ, ಹಾಸಿಗೆ ಹೊದಿಕೆಗಳನ್ನು ಕಾಯ್ದು ನಿವೃತ್ತರಾದವರು. ಎಂಥ ಸರ್ಜನ್ ಬಂದು ಹೊಸ ಕತ್ತರಿ ಕೇಳಿದರೂ ಅಕ್ಕನದು ಒಂದೇ ಪ್ರಶ್ನೆಯಂತೆ: "ಹಳೇದೆಲ್ಲಿ? ತೋರಿಸಿ, ಆಮೇಲೆ ಹೊಸದರ ಮಾತು." ಮನುಷ್ಯರ ಹೊಟ್ಟೆ ಕೊಯ್ಯಲು ಹೆದರದ ಡಾಕ್ಟರುಗಳು ಅಕ್ಕನ ಸ್ಟೋರ್ ರೂಮಿನ ಕಿಟಕಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು.

ಕೋಣೆಯ ಕಥೆ ಶುರುವಾದದ್ದು ಒಂದು ತೂತಿನಿಂದ. ಗೋಡೆ ಗಡಿಯಾರಕ್ಕೆ ಮೊಳೆ ಹೊಡೆಯಲೆಂದು ಅಕ್ಕನ ಗಂಡ ಒಂದು ಡ್ರಿಲ್ ಮೆಷಿನ್ ಕೊಂಡು ತಂದರು. ಬಸ್ ಡ್ರೈವರಾಗಿ ನಿವೃತ್ತರಾದ ಇವರು ನಮಗೆಲ್ಲ ಡ್ರೈವರ್ ಭಾವ. ತೂತಾಯಿತು, ಗಡಿಯಾರ ನೇತಾಡಿತು, ಡ್ರಿಲ್ಲು ಅಟ್ಟ ಸೇರಿತು.

"ಏನ್ರೀ, ಈ ಮೆಷಿನ್ನು ಹುಟ್ಟಿದ ಮೇಲೆ ಎಷ್ಟು ಹೊತ್ತು ದುಡಿದಿದೆ?" ಅಂದರು ಅಕ್ಕ ಒಂದು ದಿನ, ಅಟ್ಟ ಗುಡಿಸುತ್ತ.

"ಎರಡು ನಿಮಿಷ ಇರಬಹುದು."

"ರಿಟೈರ್ ಆದ ಮೇಲೆ ನೀವು ದುಡಿದದ್ದಕ್ಕಿಂತ ಜಾಸ್ತೀನೇ ಆಯ್ತು ಬಿಡಿ."

ಆ ವಾರ ಅಕ್ಕ ಮನೆಮನೆಗೆ ಹೋಗಿ ಸುಮ್ಮನೆ ವಿಚಾರಿಸಿಕೊಂಡು ಬಂದರು. ನಲವತ್ತೆಂಟು ಮನೆಯಲ್ಲಿ ಹತ್ತೊಂಬತ್ತು ಡ್ರಿಲ್ಲು! ಹತ್ತೊಂಬತ್ತೂ ಅಟ್ಟದ ಮೇಲೆ ಗಾಢ ನಿದ್ದೆಯಲ್ಲಿ. ಏಣಿಗಳು ಹದಿನಾಲ್ಕು, ಪ್ರತಿಯೊಂದೂ ಬಾಗಿಲ ಹಿಂದೆ ನಿಂತು ಮನೆಯವರ ತಲೆಗೆ ಬಡಿಯುವ ಒಂದೇ ಕೆಲಸ ಮಾಡಿಕೊಂಡು. ಹೀಗೆ ಎಲ್ಲರ ಅಟ್ಟ ಇಳಿದು, ಜೇಡಗಳಿಗೆ ನೋಟಿಸ್ ಕೊಟ್ಟು, ಎರವಲು ಕೋಣೆ ತೆರೆಯಿತು. ಕೂಡಿಬಂದದ್ದರಲ್ಲಿ ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಬೇರೆ ಕಟ್ಟಡಗಳಿಗೆ ದಾಟಿಸಿದರು. ಡ್ರಿಲ್ಲು, ಏಣಿ, ಹೊಲಿಗೆ ಮೆಷಿನ್ನು, ದೊಡ್ಡ ಪಾತ್ರೆ, ಸೂಟ್‌ಕೇಸು, ಮಗುವಿನ ತೊಟ್ಟಿಲು, ಊರುಗೋಲು – ಬೇಕಾದವರು ಒಯ್ಯಿರಿ, ಎಂಟು ದಿನ ಇಟ್ಟುಕೊಳ್ಳಿ. ಇನ್ನೂ ಬೇಕಿದ್ದರೆ ಬಂದು ಹೇಳಿ. ಬೇರೆಯವರು ಕಾಯುತ್ತಿಲ್ಲವಾದರೆ ಮತ್ತೆ ಎಂಟು ದಿನ. ಕೆಟ್ಟದ್ದನ್ನು ರಿಪೇರಿ ಮಾಡುವುದು ಭಾವನ ಪಾಲು.

ಮೊದಲು ನಡೆದದ್ದು ನಂಬಿಕೆಯ ಮೇಲೆ. ನಂಬಿಕೆಗೆ ಕಾಲಿಲ್ಲ, ಸಾಮಾನಿಗೆ ಮಾತ್ರ ಕಾಲು ಬಂತು. ಚಿಕ್ಕ ಏಣಿ ನಾಲ್ಕು ತಿಂಗಳು ನಾಪತ್ತೆಯಾದ ಮೇಲೆ ಅಕ್ಕ ಹೊಸ ಕಾನೂನು ತಂದರು: ಸಾಮಾನು ಒಯ್ಯುವವರು, ಅದಿದ್ದ ಜಾಗದಲ್ಲಿ ತಮ್ಮ ಎಡಗಾಲಿನ ಚಪ್ಪಲಿ ಬಿಟ್ಟು ಹೋಗಬೇಕು.

"ಎಡಗಾಲಿಂದೇ ಯಾಕಕ್ಕ?" ಎಂದು ಕೇಳಿದ್ದೆ.

"ಒಬ್ಬರದು ಎಡ, ಒಬ್ಬರದು ಬಲ ಇಟ್ಕೊಂಡರೆ ಯಾರಾದ್ರೂ ಎರಡನ್ನೂ ಸೇರಿಸಿ ಹಾಕ್ಕೊಂಡು ಹೋಗ್ತಾರೆ. ಬರೀ ಎಡ ಇದ್ರೆ ಕಳ್ಳ ಬಂದು ನೋಡಿ, ಪಾಪ ಅಂತ ತಾನೇ ಒಂದು ಬಿಟ್ಟು ಹೋಗ್ತಾನೆ."

ಅಂದಿನಿಂದ ಒಂದು ಸುತ್ತಿಗೆಯೂ ಕಳೆಯಲಿಲ್ಲ. ಮಾತು ತಪ್ಪಿ ನಡೆಯುವವರು ಸಿಗುತ್ತಾರೆ, ಬರಿಗಾಲಲ್ಲಿ ನಡೆಯುವವರು ಕಡಿಮೆ. ಇನ್ನೊಂದು ಕಾನೂನೂ ಇತ್ತು, ಆಸ್ಪತ್ರೆಯಿಂದ ಬಂದದ್ದು: ಯಾರು ಏನು ಒಯ್ದರೆಂದು ಅಕ್ಕ ಯಾರಿಗೂ ಹೇಳುವುದಿಲ್ಲ. "ಊರುಗೋಲು ಒಯ್ದವರೂ ಇರ್ತಾರೆ, ತೂಕದ ಮೆಷಿನ್ ಒಯ್ದವರೂ ಇರ್ತಾರೆ. ಅವರವರ ನೋವು, ಅವರವರ ಭಾರ."

ಹೀಗೆ ಆರು ವರ್ಷ ನಡೆದದ್ದು ಕಳೆದ ತಿಂಗಳು ಕುತ್ತಿಗೆಗೆ ಬಂತು.

ನಮ್ಮ ಕಟ್ಟಡದ ಸೆಕ್ರೆಟರಿಗೆ ಸೂಚನಾ ಸಾಹೇಬರು ಎಂದು ಹೆಸರು. ಇನ್ಶೂರೆನ್ಸ್ ಆಫೀಸಿನವರು, ಆಗಬಹುದಾದ ಅನಾಹುತಗಳನ್ನು ಆಗುವ ಮುಂಚೆಯೇ ನೋಡುವವರು, ನೋಡಿದ ತಕ್ಷಣ ಗೋಡೆಗೆ ಸೂಚನೆ ಅಂಟಿಸುವವರು. ಕೆಟ್ಟವರಲ್ಲ. ಗೇಟಿನ ಹತ್ತಿರ ದಿನಾ ಬಂದು ಬೀಳುವ ಪಾರ್ಸೆಲ್ ಡಬ್ಬಗಳನ್ನು ಎಡವಿ ಎರಡು ಸಲ ಕಾಲು ಉಳುಕಿಸಿಕೊಂಡಿದ್ದರು. ಒಂದು ಬೆಳಗ್ಗೆ ನೋಡಿದರೆ ಕೋಣೆಯ ಬಾಗಿಲಿನ ಮೇಲೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಹೊಸ ಸೂಚನೆ: ಈ ಕೋಣೆಯನ್ನು ತೆರವು ಮಾಡಿಸಿ ಪಾರ್ಸೆಲ್ ಕೋಣೆ ಮಾಡಲಾಗುವುದು, ಭಾನುವಾರ ಹತ್ತು ಗಂಟೆಗೆ ಸಭೆ.

ಶನಿವಾರ ಸಾಹೇಬರು ಕೋಣೆ ನೋಡಲು ಬಂದರು. ಅದು ರಜೆ ಶುರುವಾಗುವ ವಾರ. ಸೂಟ್‌ಕೇಸುಗಳು ಪ್ರವಾಸಕ್ಕೆ, ಪಾತ್ರೆಗಳು ಎರಡು ಮನೆಯ ಔತಣಕ್ಕೆ, ಡ್ರಿಲ್ಲುಗಳು ಬಣ್ಣ ಬಳಿಯುವ ಮನೆಗಳಿಗೆ ಹೋಗಿದ್ದವು. ಒಂದು ಅಳತೆ ಟೇಪು ಬಿಟ್ಟರೆ ಕೋಣೆಯಲ್ಲಿ ಸಾಮಾನೇ ಇರಲಿಲ್ಲ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಹೊಸ್ತಿಲಲ್ಲೇ ನಿಂತರು.

"ಏನಕ್ಕ ಇದು, ಪೂರ್ತಿ ಖಾಲಿ! ಇದಕ್ಕೊಂದು ಕೋಣೆ ಬೇಕಾ?"

"ಸಾಮಾನೆಲ್ಲ ಕೆಲಸಕ್ಕೆ ಹೋಗಿದೆ ಸಾರ್. ಎಲ್ಲ ಇಲ್ಲೇ ಇದ್ದಿದ್ರೆ ಅದು ಗೋಡೌನು."

"ಚಪ್ಪಲಿ ಮಾತ್ರ ಚೆನ್ನಾಗಿ ಕಾಪಾಡಿದೀರಿ," ಎಂದು ನಕ್ಕು ಹೊರಟರು.

ಅಕ್ಕ ಒಂದು ಬಟ್ಟೆ ತುಂಡು ತೆಗೆದುಕೊಂಡು ಚಪ್ಪಲಿಗಳ ಧೂಳನ್ನು ಒಂದೊಂದಾಗಿ ಒರೆಸತೊಡಗಿದರು. ಅವರ ಮನೆಯಲ್ಲಿ ಇರುವುದೇ ಎರಡು ಕೋಣೆ, ಇಷ್ಟು ಸಾಮಾನಿಗೆ ಅಲ್ಲಿ ಜಾಗವಿಲ್ಲ. ಇದು ಹೋದರೆ ಎಲ್ಲ ಹೋದ ಹಾಗೆ.

ಭಾವನಿಗೆ ತಡೆಯಲಾಗಲಿಲ್ಲ. "ಅಲ್ಲ ಕಣೇ, ಆ ಸೂಚನೆ ಅಂಟಿಸೋಕೆ ಅವನು ಹತ್ತಿದ್ದು ಯಾವ ಏಣಿ? ನಮ್ಮದೇ! ಅವನ ಹೆಂಡತಿ ಒಯ್ದು ಎರಡು ತಿಂಗಳಾಯ್ತು. ನಾಳೆ ಎಲ್ಲರ ಮುಂದೆ ಹೇಳಿಬಿಡು, ಅವನ ಮುಖ ನೋಡೋಣ."

"ಹೇಳಲ್ಲ."

"ಕೋಣೆ ಹೋಗುತ್ತಲ್ಲೇ!"

"ಹೋದ್ರೆ ಕೋಣೆ ಹೋಗುತ್ತೆ. ಹೇಳಿದ್ರೆ ಮಾತು ಹೋಗುತ್ತೆ. ನಿಮಗೆ ಊಟ ಬೇಕಾ, ಇಲ್ಲ ಹೀಗೇ ಕೂಗಾಡ್ತಾ ಇರ್ತೀರಾ?"

ಭಾವ ಊಟವನ್ನೇ ಆರಿಸಿಕೊಂಡರು.

ಭಾನುವಾರ ಕೋಣೆಯ ಮುಂದಿನ ಜಾಗದಲ್ಲಿ ಸಭೆ ಸೇರಿತು. ಹೆಚ್ಚುಕಡಿಮೆ ಎಲ್ಲ ಮನೆಯವರೂ ಬಂದಿದ್ದರು. ಅಕ್ಕ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಸೆರಗು ಬಿಗಿದು ಕೂತಿದ್ದರು. ಸಾಹೇಬರು ಪಾರ್ಸೆಲ್ ಕೋಣೆಯ ಗುಣಗಾನ ಮಾಡಿ, "ಇಲ್ಲಿ ಹನ್ನೆರಡು ರ‍್ಯಾಕು ಆರಾಮಾಗಿ ಹಿಡಿಯುತ್ತೆ, ಅಳೆದೇ ತೋರಿಸ್ತೀನಿ. ಯಾರ ಹತ್ತಿರಾದ್ರೂ ಅಳತೆ ಟೇಪ್ ಇದೆಯಾ?" ಎಂದರು.

ಯಾರೂ ಅಲುಗಲಿಲ್ಲ. ನಲವತ್ತೆಂಟು ಮನೆ, ಒಂದರಲ್ಲೂ ಅಳತೆ ಟೇಪಿಲ್ಲ. ಅಕ್ಕನ ಹತ್ತಿರ ಇರುವಾಗ ಕೊಳ್ಳುವ ದಡ್ಡ ಯಾರು? ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗಿತು.

"ಇದೆ ಸಾರ್," ಅಂದರು ಅಕ್ಕ. "ಮೂರನೇ ಶೆಲ್ಫು. ಎಡಗಾಲಿಂದು ಬಿಟ್ಟು ತಗೊಳ್ಳಿ."

"ಐದು ನಿಮಿಷದ ಕೆಲಸಕ್ಕೂ ಚಪ್ಪಲೀನಾ?"

"ಸರ್ಜನ್ನಿಗೂ ಬಿಟ್ಟಿಲ್ಲ ಸಾರ್ ನಾನು."

ಜನ ನಕ್ಕರು. ಸಾಹೇಬರು ಗೊಣಗುತ್ತ ಎಡಗಾಲಿನ ಹೊಸ ಚಪ್ಪಲಿ ಬಿಚ್ಚಿ ಹಿಡಿದು ಒಳಗೆ ಹೋದರು. ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಕೈಯಲ್ಲಿ ಟೇಪ್ ಇರಲಿಲ್ಲ. ಕಂದು ಬಣ್ಣದ ಒಂದು ಹಳೇ ಚಪ್ಪಲಿ ಇತ್ತು. ಅದರ ಉಂಗುಷ್ಠಕ್ಕೆ ಕೆಂಪು ದಾರದ ಹೊಲಿಗೆ.

"ಇದು ನನ್ನದು! ಈ ಹೊಲಿಗೆ ನಾನೇ ಹಾಕಿದ್ದು. ಎರಡು ತಿಂಗಳಿಂದ ಹುಡುಕ್ತಾ ಇದ್ದೀನಿ!"

ಎರಡನೇ ಮಹಡಿಯ ನಾಯಿ ಸಾಕುವವರು ಎದ್ದು ನಿಂತರು. "ಹಾಗಾದ್ರೆ ಸಾರ್, 'ಚಪ್ಪಲಿ ಕದಿಯುವ ನಾಯಿಗಳನ್ನು ಕಟ್ಟಿಹಾಕತಕ್ಕದ್ದು' ಅಂತ ಸೂಚನೆ ಹಾಕಿದ್ರಲ್ಲ, ಅದು...? ನಮ್ಮ ನಾಯಿ ಅವಮಾನದಿಂದ ಇನ್ನೂ ಸರಿಯಾಗಿ ಊಟ ಮಾಡ್ತಿಲ್ಲ."

ಸಾಹೇಬರು ಸ್ಟೂಲಿನ ಕಡೆ ತಿರುಗಿದರು. "ಅಕ್ಕ, ಇದು ಇಲ್ಲಿಗೆ ಹೇಗೆ ಬಂತು? ಯಾವುದಕ್ಕೆ ಇಟ್ಟದ್ದು?"

ಅಕ್ಕ ತುಟಿ ಬಿಗಿದು ತಾರಸಿಯ ಕಡೆ ನೋಡಿದರು. ಭಾವ ಉಬ್ಬಿದ ಕೆನ್ನೆಯಲ್ಲಿ ಮಾತನ್ನು ಹಿಡಿದಿಟ್ಟುಕೊಂಡು ಕೆಂಪಾದರು. ಕೊನೆಗೆ ಹಿಂದಿನ ಸಾಲಿನಿಂದ ಸಾಹೇಬರ ಹೆಂಡತಿಯೇ ಎದ್ದರು.

"ನಾನೇ ಇಟ್ಟದ್ದು. ಏಣಿಗೆ."

"ಯಾವ ಏಣಿ?"

"ನೀವು ದಿನಾ 'ನಮ್ಮನೆ ಏಣಿ, ನಮ್ಮನೆ ಏಣಿ' ಅಂತ ಹತ್ತಿ ಇಳೀತೀರಲ್ಲ, ಅದೇ. ಎಲ್ಲಿಂದ ಬಂತು ಅಂತ ಒಂದು ದಿನಾನಾದ್ರೂ ಕೇಳಿದ್ರಾ?"

"ನನ್ನ ಚಪ್ಪಲಿ ಯಾಕೆ ಇಟ್ಟೆ? ನಿನ್ನದು ಇಡಬಹುದಿತ್ತಲ್ಲ!"

"ನನ್ನದು ಇಟ್ರೆ ನಾನು ಏನು ಹಾಕ್ಕೊಳ್ಳಲಿ?"

ಇಂಥ ತರ್ಕಕ್ಕೆ ಇನ್ಶೂರೆನ್ಸಿನಲ್ಲೂ ಪರಿಹಾರ ಇಲ್ಲ. ನಗು ಮೂರನೇ ಮಹಡಿಯವರೆಗೂ ಹೋಗಿ ತಿರುಗಿ ಬಂತು. ಸಾಹೇಬರು ಶೆಲ್ಫಿನ ಕಡೆ ಮತ್ತೊಮ್ಮೆ ನೋಡಿದರು. ನಿನ್ನೆ ಖಾಲಿ ಎಂದಿದ್ದ ಕೋಣೆಯನ್ನು ಈಗ ಒಂದೊಂದೇ ಚಪ್ಪಲಿಯಾಗಿ ನೋಡುತ್ತಿದ್ದರು: ಅದು ಮೇಲಿನ ಮನೆಯ ಟೀಚರದು, ಇದು ವಾಚ್‌ಮನ್‌ದು, ಆ ಪುಟ್ಟ ನೀಲಿಯದು ಯಾವುದೋ ಮಗುವಿನದು.

"ಸರಿ," ಎಂದು ಗಂಟಲು ಸರಿಮಾಡಿಕೊಂಡರು. "ಮತಕ್ಕೆ ಹಾಕೋಣ. ಕೋಣೆ ಅಕ್ಕನಿಗೇ ಇರಲಿ ಅನ್ನೋರು ಕೈ ಎತ್ತಿ."

"ಕೈ ಯಾಕೆ?" ಭಾವ ಕೊನೆಗೂ ಬಾಯಿ ಬಿಟ್ಟರು; ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುತ್ತಿದ್ದ ದನಿ. "ಇಲ್ಲಿ ಚಪ್ಪಲಿ ಇಟ್ಟಿರೋದು ಯಾವ ಕಾಲಿಂದು? ಅದನ್ನೇ ಎತ್ತಿ!"

ಆಮೇಲೆ ಕಂಡದ್ದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಟೀಚರು, ದರ್ಜಿ, ನರ್ಸು, ನಾಯಿಯ ಯಜಮಾನರು, ಬಾಣಂತಿ, ಅವಳ ಅತ್ತೆ – ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಇಡೀ ಕಟ್ಟಡ ಒಂಟಿಕಾಲಲ್ಲಿ ನಿಂತಿತ್ತು. ಮೊದಲ ಮಹಡಿಯ ಅಜ್ಜಿ ಕೂತಲ್ಲಿಂದಲೇ ಎಡಗಾಲು ಎತ್ತಿ, ಸಾಲದೆಂದು ಊರುಗೋಲನ್ನೂ ಎತ್ತಿದರು. "ಬೇಗ ಎಣಿಸಪ್ಪ, ಬಿದ್ದರೆ ನಿನ್ನ ಮೇಲೇ ಬೀಳ್ತೀನಿ!"

ಸಾಹೇಬರು ಎಣಿಸಿದರು. ನಲವತ್ತೊಂದು ಕಾಲು. ಆಮೇಲೆ ತಮ್ಮದೇ ಬರಿಯ ಎಡಪಾದವನ್ನು ನೋಡಿಕೊಂಡು, ಸುತ್ತ ಒಮ್ಮೆ ನೋಡಿ, ಗೋಡೆ ಹಿಡಿದು ಅದನ್ನೂ ಎತ್ತಿದರು. "ನಲವತ್ತೆರಡು," ಅಂದರು. ಆಗ ಬಿದ್ದ ಚಪ್ಪಾಳೆಗೆ ಅರ್ಧ ಜನ ಸಮತೋಲ ತಪ್ಪಿ ಒಬ್ಬರ ಮೇಲೊಬ್ಬರು ಒರಗಿದರು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು; ಕೇಳಿದರೆ ಚಪ್ಪಲಿಯ ಧೂಳು ಅನ್ನುತ್ತಾರೆ.

ಡಬ್ಬಗಳಿಗೆ ಗೇಟಿನ ಪಕ್ಕ ತಗಡಿನ ಮಾಡು ಹಾಕಿಸುವುದೆಂದಾಯಿತು. ಸಾಹೇಬರು ಆಗಲೇ ಮನೆಗೆ ಹೋಗಿ, ಏಣಿ ಹೊತ್ತು ತಂದು ಒಪ್ಪಿಸಿದರು. ಅಕ್ಕ ಅದನ್ನು ಅಲುಗಿಸಿ, ಮೆಟ್ಟಿಲು ಒತ್ತಿ, ಸರಿಯಿದೆ ಎಂದು ಗೋಡೆಗೆ ಒರಗಿಸಿ ಕಂದು ಚಪ್ಪಲಿ ಕೊಟ್ಟರು. ಸಾಹೇಬರು ಅದನ್ನು ಮೆಟ್ಟಿ, ತೆಗೆಯದೇ ಉಳಿದ ಟೇಪಿನ ಪಕ್ಕದಿಂದ ಹೊಸ ಚಪ್ಪಲಿಯನ್ನು ಎತ್ತಿ ಕೈಯಲ್ಲಿ ಹಿಡಿದು, ಗೆದ್ದವರ ಹಾಗೆ ಹೊರಗೆ ನಡೆದರು.

ಬಾಗಿಲು ದಾಟಿ ತಲೆ ಎತ್ತಿದರು. ಮೇಲೆ, ಯಾರ ಕೈಗೂ ಎಟುಕದ ಎತ್ತರದಲ್ಲಿ, ಅವರದೇ ಸೂಚನೆ ಭದ್ರವಾಗಿ ಅಂಟಿಕೊಂಡಿತ್ತು. ಒಂದು ಸಲ ಹಾರಿ ನೋಡಿದರು. ಇನ್ನೊಂದು ಸಲ ಹಾರಿದರು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ತಿರುಗಿದರು.

ಅಕ್ಕ ಏಣಿಯ ಮೇಲೆ ಕೈ ಇಟ್ಟುಕೊಂಡು, ಅವರ ಎಡಗಾಲನ್ನೇ ನೋಡುತ್ತಿದ್ದರು.