ಬಸ್ಸಿನಲ್ಲಿ ಮೊಳೆತ ಭತ್ತ

ಇಂಡಿಯಿಂದ ಬೆಳಗಿನ ಎಂಟರ ಬಸ್ಸು ಹತ್ತಿದಾಗ ನನ್ನ ಕಾಲ ಬಳಿ ಒಂದು ಒದ್ದೆ ಗೋಣಿಚೀಲವಿತ್ತು. ಒಳಗೆ ಒಂದು ದಿನ ನೆನೆಸಿ ಬಸಿದ ಬಿತ್ತನೆ ಭತ್ತ. ಮುದ್ದೇಬಿಹಾಳದ ಆಚೆ, ಕಾಲುವೆಯ ತುದಿಯಲ್ಲಿ ನನ್ನ ತಂಗಿ ಗಂಗವ್ವನಿಗೆ ಒಂದು ಎಕರೆ ಗದ್ದೆ. ನಾಟಿಗೆ ಆಳು ಸಿಗುವುದಿಲ್ಲವೆಂದು ಅವಳು ಸಸಿಮಡಿಯನ್ನೇ ಮಾಡಿರಲಿಲ್ಲ. ನಾನೇ ಫೋನಿನಲ್ಲಿ, "ಡ್ರಮ್ ಸೀಡರ್ ತರ್ತೇನಿ. ಮೊಳಕಿ ಬೀಜ ತುಂಬಿ ಎಳದ್ರ ಎಂಟು ಸಾಲು ಒಮ್ಮೆಲೆ ಬೀಳ್ತಾವ. ನೀರೂ ಉಳಿತೈತಿ, ಆಳೂ ಬ್ಯಾಡ" ಎಂದಿದ್ದೆ. ಅವಳ ಪಾಳಿಯ ಕಾಲುವೆ ನೀರು ನಾನು ಹೊರಟ ಮರುದಿನ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಬೀಜ ಬೀಳದಿದ್ದರೆ ಹದ ಮಾಡಿಟ್ಟ ಕೆಸರು ಬಿಗಿದುಕೊಂಡು ಈ ಹಂಗಾಮೇ ಹೋದಂತೆ. ಮನೆಯಲ್ಲೇ ನೆನೆಸಿ ಹೊರಟರೆ ದಾರಿಯಲ್ಲಿ ಮೊಳಕೆ ಬರುತ್ತದೆ, ಒಂದೇ ಟಿಕೆಟ್ಟಿನಲ್ಲಿ ಎರಡು ಕೆಲಸ ಎಂಬುದು ನನ್ನ ಉಪಾಯ.

ಕಂಡಕ್ಟರ್ ಚೀಲ ನೋಡಿದ. "ಕಾಕಾ, ಲಗೇಜಿಗೆ ತಿಕೀಟು ತಗೋರಿ."

"ಲಗೇಜ್ ಅಲ್ಲಪಾ, ಜೀವ ಐತಿ. ಒಳಗ ಮೊಳಕಿ ಒಡೆಯಾಕತ್ತೈತಿ."

"ಜೀವ ಐತಿ ಅಂದ್ರ ಫುಲ್ ತಿಕೀಟರಿ!"

ಲಗೇಜಿನ ದರಕ್ಕೇ ಒಪ್ಪಿಕೊಂಡೆ.

ದಾರಿಯಲ್ಲಿ ಸಿಂದಗಿಗೆ ಇಳಿದೆ. ಅಲ್ಲಿ ಪರಿಚಯದ ರೈತರೊಬ್ಬರ ಮನೆಯಲ್ಲಿ ಹಳೆಯ ಡ್ರಮ್ ಸೀಡರ್ ಮಾರಾಟಕ್ಕಿತ್ತು. ಹತ್ತಕ್ಕೆ ಶುರುವಾದ ಚೌಕಾಸಿ ಸಂಜೆ ಐದಕ್ಕೆ ಮುಗಿಯಿತು. ಬೆಲೆ ಅರ್ಧಕ್ಕಿಳಿಯಿತು, ಮೇಲೆ ಎರಡು ಮುಚ್ಚಳ ಪುಕ್ಕಟೆ. ಆದರೆ ಮುದ್ದೇಬಿಹಾಳದ ಕೊನೆಯ ಬಸ್ಸು ಹೋಗಿತ್ತು. ಸೋತ ಆ ಪುಣ್ಯಾತ್ಮರೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಡಿಸಿ ಮಲಗಲು ಜಾಗ ಕೊಟ್ಟರು. ನಾನು ಗೆದ್ದ ಸಂತೋಷದಲ್ಲಿ ಚೀಲ ಬಿಚ್ಚಿ ನೋಡಲೇ ಇಲ್ಲ.

ಮರುದಿನ ಒಂಬತ್ತಕ್ಕೆ ಗದ್ದೆ ತಲುಪಿದೆ. ಯಂತ್ರ ನೋಡಲು ಅಕ್ಕಪಕ್ಕದ ನಾಲ್ವರು ಹೆಂಗಸರು ಬದುವಿನ ಮೇಲೆ ಸೇರಿದ್ದರು. ಗಂಗವ್ವ ಚೀಲ ಬಿಚ್ಚಿದಳು. ಬಿಳಿ ಬೇರುಗಳು ಒಂದಕ್ಕೊಂದು ಹೆಣೆದು ಇಡೀ ಭತ್ತ ಒಂದೇ ಮುದ್ದೆಯಾಗಿತ್ತು.

"ಅಣ್ಣಾ, ಬೀಜ ತಂದಿಯೋ, ಯಾರದರೆ ಗಡ್ಡಾ ಬೋಳಿಸ್ಕೊಂಡು ಬಂದಿಯೋ?"

"ಛಲೋ ಜಾತಿ, ತಂಗಿ. ಮೊಳಕಿ ಜೋರ ಬಂದೈತಿ."

"ಡ್ರಮ್ಮಿನ ತೂತಿನ್ಯಾಗ ಇಳಿತೈತೇನು?"

ತುಂಬಿ ಎಳೆದು ನೋಡಿದೆ, ಒಂದು ಕಾಳೂ ಇಳಿಯಲಿಲ್ಲ. ಅಲುಗಾಡಿಸಿದೆ, ಬಡಿದೆ. ಎರಡು ಮುಚ್ಚಳ ಪುಕ್ಕಟೆ ಬಂದದ್ದನ್ನು ಹೇಳಿದೆ, ಯಾರಿಗೂ ಕುತೂಹಲವಿರಲಿಲ್ಲ. ಕಾಲುವೆಯ ನೀರು ಆಗಲೇ ತೆಳ್ಳಗಾಗುತ್ತಿತ್ತು.

ಗಂಗವ್ವ ಡ್ರಮ್ಮಿನಿಂದ ಮುದ್ದೆಯನ್ನು ಹೊರತೆಗೆದಳು. "ಕೈಲೆ ಚೆಲ್ಲಿದ್ರ ಕಳಿ ತೆಗ್ಯಾಕ ಬರೂದಿಲ್ಲ. ಸಾಲು ಬೇಕ. ಖಾಲಿ ಗಾಡಿ ಎಳಿ ಅಣ್ಣಾ, ಗಾಲಿ ಗೆರಿ ಮೂಡ್ತಾವ. ಗೆರಿ ಮ್ಯಾಲ ನಾವು ಬೀಜ ಇಡ್ತೇವಿ."

ಎಂಟು ಸಾಲಿನ ಯಂತ್ರಕ್ಕೆ ಗಾಲಿ ಎರಡೇ. ಒಂದು ಸಲದ ಕೆಲಸಕ್ಕೆ ನಾಲ್ಕು ಸಲ ಎಳೆದೆ, ಮೊಣಕಾಲಿನವರೆಗೆ ಕೆಸರಲ್ಲಿ. ನೋಡಲು ಬಂದಿದ್ದ ಹೆಂಗಸರು ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದರು. ಮುದ್ದೆಯನ್ನು ನೀರಿನ ಬಕೆಟ್ಟಿನಲ್ಲಿ ಮೆಲ್ಲಗೆ ಬಿಡಿಸಿ ನನ್ನ ಹಿಂದೆ ಸಾಲಾಗಿ ಇಡುತ್ತ ಬಂದರು. "ಎತ್ತು ಛಲೋ ಐತಿ ಗಂಗಕ್ಕಾ, ಬಾಯಿ ಅಷ್ಟ ಜಾಸ್ತಿ" ಎಂದು ಒಬ್ಬಾಕೆ ನಕ್ಕಳು. ನೀರು ನಿಲ್ಲುವ ಹೊತ್ತಿಗೆ ಕೊನೆಯ ಹಿಡಿ ಬಿತ್ತು.

"ಹಕ್ಕಿ ಯಾರು ಕಾಯ್ತಾರ?" ಎಂದು ಗಂಗವ್ವ ನನ್ನನ್ನು ಎಂಟು ದಿನ ಉಳಿಸಿಕೊಂಡಳು. ಡಬ್ಬಿ ಬಡಿದು ಗುಬ್ಬಿ ಓಡಿಸಿದೆ. ಓದುಗರಿಗೆ ನನ್ನ ಸಲಹೆ ಇಷ್ಟೇ: ಮೊದಲು ಯಂತ್ರ ಕೊಳ್ಳಿ, ಆಮೇಲೆ ಬೀಜ ನೆನೆಸಿ. ಮೊಳಕೆ ಮೂಗು ತೋರಿಸಿದ ಕೂಡಲೇ ಬಿತ್ತಿ.

ಊರಿಗೆ ಮರಳುವ ಬಸ್ಸು ಆ ಗದ್ದೆಯ ಪಕ್ಕದಲ್ಲೇ ಸಾಗಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಹಸಿರು ಸಾಲುಗಳು ದಾರ ಹಿಡಿದಂತೆ ನೆಟ್ಟಗಿದ್ದವು. ನಡುವೆ ಒಂದು ಕಡೆ ಮಾತ್ರ ಹಾವಿನಂತೆ ಸೊಟ್ಟಗಿದ್ದವು. ಗಾಡಿ ಎಳೆಯುತ್ತಲೇ ಪಕ್ಕದ ಹೊಲದವನಿಗೆ ನಾನು ಗೊಬ್ಬರದ ಬಗ್ಗೆ ಸಲಹೆ ಕೊಟ್ಟ ಜಾಗ ಅದು.